ಆಕ್ಸ್‌ಫರ್ಡಿನಲ್ಲಿ ಕ ಖ ಗ ಘ ಙ

"ಇಷ್ಟು ದೊಡ್ಡವನಾಗಿ ಇನ್ನೂ ರಾಕ್ಷಸರ ಕತೆ ಓದ್ತೀಯಲ್ಲೋ" ಅಂತ ನಗುವ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ. ಇಂಜಿನಿಯರಿಂಗ್ ಓದುವಾಗ 'ಲಾರ್ಡ್ ಆಫ್ ದಿ ರಿಂಗ್ಸ್' ಹಿಡಿದವನು ಇನ್ನೂ ಬಿಟ್ಟಿಲ್ಲ. ಹಾಗಾಗಿ 2023ರಲ್ಲಿ ಆಫೀಸಿನ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, ಆಕ್ಸನ್‌ಮೂಟ್‌ಗೆ ಹೋಗ್ತಿದ್ದೀನಿ ಅಂತ ಟೀಮಿನಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಊರು ನೋಡೋಕೆ ಅಂದೆ :)

ಆಕ್ಸನ್‌ಮೂಟ್ ಅಂದರೆ ಟೋಲ್ಕಿನ್ ಸೊಸೈಟಿ 1974ರಿಂದ ನಡೆಸಿಕೊಂಡು ಬಂದಿರುವ ಅಭಿಮಾನಿಗಳ ಕೂಟ. ಸೊಸೈಟಿಯನ್ನು 1969ರಲ್ಲಿ ಹುಟ್ಟುಹಾಕಿದ್ದು ವೆರಾ ಚಾಪ್ಮನ್ ಅಂತ, ಎಪ್ಪತ್ತರ ಆಸುಪಾಸಿನ ಅಜ್ಜಿ. ಮಕ್ಕಳಾಟ ಅನ್ನುವವರಿಗೆ ಈ ಅಜ್ಜಿಯ ಕತೆ ಹೇಳಬೇಕು. ಎಲ್ಫ್ ವೇಷ ತೊಟ್ಟವರು ಇದ್ದರು, ನಿಜ. ಯಕ್ಷಗಾನ ನೋಡಿ ಬೆಳೆದವನಿಗೆ ಅದೇನು ದೊಡ್ಡದಲ್ಲ. ನನಗೆ ಆಶ್ಚರ್ಯವಾಗಿದ್ದು ಮಾತಾಡಿದವರನ್ನು ಕಂಡು. ಬಹಳಷ್ಟು ಜನ ಬರೀ ಓದುಗರು. ಒಬ್ಬರು ಕಾದಂಬರಿಯಲ್ಲಿ ಯಾವ ರಾತ್ರಿ ಚಂದ್ರ ಹೇಗಿದ್ದ ಅಂತ ಒಂದು ಗಂಟೆ ಲೆಕ್ಕ ಒಪ್ಪಿಸಿದರು. (ಚಂದ್ರ ತಾಳೆಯಾಗಲಿಲ್ಲ ಅಂತ ಟೋಲ್ಕಿನ್ನೇ ಕೂತು ತಿದ್ದಿದ್ದುಂಟು.)

ಮಧ್ಯಾಹ್ನ ಟೆಂಗ್ವಾರ್ ಕಲಿಸುವ ತರಗತಿ ಇತ್ತು. ಎಲ್ವಿಶ್ ಭಾಷೆಗಳಿಗೆ ಟೋಲ್ಕಿನ್ ಮಾಡಿದ ಲಿಪಿ ಅದು. ಗೋಡೆಯ ಮೇಲೆ ಪಟ ಮೂಡಿತು ನೋಡಿ, ನನಗೆ ನಗು ತಡೆಯಲಾಗಲಿಲ್ಲ. ತ ಗುಂಪು, ಪ ಗುಂಪು, ಕ ಗುಂಪು. ಒಂದು ಬಿಲ್ಲಿದ್ದರೆ ತ, ಎರಡಿದ್ದರೆ ದ. ಆಮೇಲೆ ಎರಡು ಉಸಿರಿನ ಧ್ವನಿ, ಐದನೆಯದು ಅನುನಾಸಿಕ. ಸ್ವರಗಳು ವ್ಯಂಜನದ ತಲೆ ಮೇಲೆ ಗುರುತಾಗಿ ಕೂರುತ್ತವೆ. ಇದು ನಮ್ಮ ಒಂದನೇ ಕ್ಲಾಸಿನ ಗೋಡೆ ಅಲ್ವೇನ್ರೀ! ಟೆಂಗ್ವಾರ್‌ಗೆ ಇನ್ನೂ ಯೂನಿಕೋಡಿನಲ್ಲಿ ಜಾಗ ಸಿಕ್ಕಿಲ್ಲ, ಎಲ್ಲರೂ ತಂತಮ್ಮ ಫಾಂಟಿನಲ್ಲಿ ಹೆಣಗುತ್ತಾರೆ. ಡಿಟಿಪಿ ಅಂಗಡಿಯ ನುಡಿ ಫೈಲು ತೆರೆದಾಗ ಕಾಣುವ ಕಸ ನೆನಪಾಯಿತು.

ಪಕ್ಕದವರು ಕೇಳಿದರು ಅಂತ ಬೋರ್ಡಿನ ಮೇಲೆ ಕ ಖ ಗ ಘ ಙ ಬರೆದೆ. "ಐದನೆಯದನ್ನು ಯಾವ ಪದದಲ್ಲಿ ಬಳಸ್ತೀರಿ?" ಅಂದರು. ತಲೆ ಖಾಲಿ. ವಾಪಸ್ ಬಸ್ಸಿನಲ್ಲಿ ಕೂತಾಗ ಹೊಳೆಯಿತು, ವಾಙ್ಮಯ! ಸಾಹಿತ್ಯ ಅಂತಲೇ ಅರ್ಥ.

ಅದಕ್ಕಿಂತ ಕಷ್ಟದ ಪ್ರಶ್ನೆ ಊಟದ ಹೊತ್ತಿಗೆ ಬಂತು. ನಿಮ್ಮಲ್ಲಿ ಓದುಗರು ಹೀಗೆ ಸೇರ್ತಾರಾ? ಮೊದಲು ಸಾಹಿತ್ಯ ಸಮ್ಮೇಳನ ಅಂದೆ, 1915ರಿಂದ ಇದೆ, ಲಕ್ಷ ಲಕ್ಷ ಜನ ಅಂತ ಕೊಚ್ಚಿಕೊಂಡೆ. ಆದರೆ ಹೇಳ್ತಾ ಹೇಳ್ತಾ ನನಗೇ ಅನುಮಾನ. ಅಲ್ಲಿ ಮೆರವಣಿಗೆ ಉಂಟು, ಹಾರ ಉಂಟು, ನಿರ್ಣಯ ಉಂಟು. ಓದುಗ ಎಲ್ಲಿರುತ್ತಾನೆ? ಪುಸ್ತಕದ ಮಳಿಗೆಯಲ್ಲಿ, ಬೆವರು ಒರೆಸಿಕೊಳ್ಳುತ್ತಾ. ನಾನೂ ಅಲ್ಲೇ ಇರ್ತಿದ್ದೆ. ಒಬ್ಬ ಪೋಸ್ಟ್ ಮಾಸ್ತರು ವೇದಿಕೆ ಹತ್ತಿ ತನಗಿಷ್ಟವಾದ ಒಂದು ಕಾದಂಬರಿಯನ್ನೇ ಒಂದು ಗಂಟೆ ಬಿಚ್ಚಿಟ್ಟಿದ್ದನ್ನು ನಾನಂತೂ ನೋಡಿಲ್ಲ.

ಆಮೇಲೆ ಗಮಕ ನೆನಪಾಯಿತು. ಒಬ್ಬರು ಕುಮಾರವ್ಯಾಸನನ್ನು ಹಾಡೋದು, ಇನ್ನೊಬ್ಬರು ಅರ್ಥ ಬಿಡಿಸೋದು, ಊರು ಕೂತು ಕೇಳೋದು. ನಮ್ಮ ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಅದಕ್ಕೇ ಹೆಸರುವಾಸಿ ಅಂತ ಉತ್ಸಾಹದಿಂದ ವಿವರಿಸಿದೆ. "ನೀವು ಎಷ್ಟು ಸಲ ಹೋಗಿದ್ದೀರಿ?" ಅಂದರು.

ಒಂದು ಸಲವೂ ಇಲ್ಲ. ಶಿವಮೊಗ್ಗದಲ್ಲೇ ಬೆಳೆದವನು. ಕುಮಾರವ್ಯಾಸನನ್ನು ಓದಿದ್ದು ಪರೀಕ್ಷೆಗೆ ಇದ್ದಷ್ಟೇ.

ಭಾನುವಾರ ಎಲ್ಲರ ಜೊತೆ ವುಲ್ವರ್‌ಕೋಟ್ ಸ್ಮಶಾನಕ್ಕೆ ಹೋದೆ. ಟೋಲ್ಕಿನ್ ಮತ್ತು ಹೆಂಡತಿ ಈಡಿತ್ ಒಂದೇ ಕಲ್ಲಿನ ಕೆಳಗೆ ಇದ್ದಾರೆ. ಅವಳ ಹೆಸರಿನ ಕೆಳಗೆ ಲೂಥಿಯನ್, ಇವನದರ ಕೆಳಗೆ ಬೆರೆನ್, ಅವನದೇ ಕತೆಯ ಪ್ರೇಮಿಗಳು. ಯಾರೋ ಎಲ್ವಿಶ್‌ನಲ್ಲಿ ಓದಿದರು. ಯಾರೂ ಮಾತಾಡುತ್ತಾ ಬೆಳೆಯದ ಭಾಷೆ, ಅಷ್ಟು ಜನ ತಲೆ ತಗ್ಗಿಸಿ ಕೇಳ್ತಿದ್ದಾರೆ. ನನಗೆ ಮಾತ್ರ ಕಿವಿಯಲ್ಲಿ "ಎಷ್ಟು ಸಲ ಹೋಗಿದ್ದೀರಿ" ಅನ್ನೋದೇ.

ಊರಿಗೆ ಬಂದು ಇಷ್ಟು ದಿನವಾಯಿತು, ಹೊಸಹಳ್ಳಿಗೆ ಇನ್ನೂ ಹೋಗಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ಅಷ್ಟೆ. ಮುಂದಿನ ಸಲ ಊರಿಗೆ ಹೋದಾಗ ಅಂತ ಅಂದುಕೊಂಡಿದ್ದೀನಿ, ನಿಮ್ಮಲ್ಲಿ ಯಾರಾದರೂ ಜೊತೆಗೆ ಬರ್ತೀರಾ?