ಖಾಲಿ ಹೊತ್ತಿನ ಸ್ಟುಡಿಯೊ

‘ಇಂಡಸ್ಟ್ರಿಯಲ್ ರಾಕ್’ ಕೇಳ್ತೀನಿ ಎಂದರೆ ಕಮಲನಗರದ ಗೆಳೆಯರು, ‘ಏನಪಾ, ಗಿರಣಿ ಸಪ್ಪಳಾ ಏನು?’ ಎಂದು ನಗುತ್ತಾರೆ. ಹೌದು, ಯಂತ್ರದ ಸದ್ದನ್ನೂ ಹಾಡಾಗಿಸುವ ಸಂಗೀತ ಅದು. ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಜ್ನರ್ ಕುರಿತ ಒಂದು ಸುದ್ದಿಯನ್ನೂ ನಾನು ಬಿಡುವುದಿಲ್ಲ. 2025ರಲ್ಲಿ ‘ಟ್ರಾನ್: ಏರೀಸ್’ ಚಿತ್ರಕ್ಕೆ ಆ ತಂಡದ ಹೆಸರಿನಲ್ಲೇ ಸಂಗೀತ ಬಂತು. ನಾನು ಓದಿದ ಸುದ್ದಿಗಳು ರೆಜ್ನರ್ ಅವರ ಎರಡು ಆಸ್ಕರ್‌ಗಳನ್ನು ನೆನೆದವು: 2011ರಲ್ಲಿ ‘ದಿ ಸೋಷಿಯಲ್ ನೆಟ್‌ವರ್ಕ್’, 2021ರಲ್ಲಿ ‘ಸೋಲ್’.

ಆದರೆ ನಮಗೆ ಬೇಕಾದದ್ದು ಅದಕ್ಕೂ ಹಿಂದಿನ ಕಥೆ. ರೆಜ್ನರ್ ಪೆನ್ಸಿಲ್ವೇನಿಯಾದ ಮರ್ಸರ್ ಎಂಬ ಸಣ್ಣ ಊರಿನವರು. ಕ್ಲೀವ್‌ಲ್ಯಾಂಡ್‌ನ ಸ್ಟುಡಿಯೊ ಒಂದರಲ್ಲಿ ಸ್ವಚ್ಛತೆಯೂ ಸೇರಿ ಸಣ್ಣಪುಟ್ಟ ಕೆಲಸಕ್ಕಿದ್ದರು. ಸ್ಟುಡಿಯೊ ಖಾಲಿಯಿರುವ ಹೊತ್ತಿನಲ್ಲಿ ಅಲ್ಲಿನ ಸಲಕರಣೆ ಬಳಸಲು ಮಾಲೀಕರು ಬಿಟ್ಟರು. ಆಗ ಧ್ವನಿಮುದ್ರಿಸಿಕೊಂಡ ಮಾದರಿ ಹಾಡುಗಳೇ 1989ರ ಮೊದಲ ಆಲ್ಬಂ ‘ಪ್ರೆಟಿ ಹೇಟ್ ಮಷಿನ್’ಗೆ ದಾರಿಯಾದವು.

‘ಕಷ್ಟಪಟ್ಟರೆ ಫಲ’ ಎಂದು ಇಲ್ಲಿಗೇ ಮುಗಿಸಬಹುದು. ಕಷ್ಟಪಡುವವರು ನಮ್ಮಲ್ಲೂ ಕಡಿಮೆಯಿಲ್ಲ. ಹಗಲು ಭಾಲ್ಕಿ, ಬೀದರ್ ಕಡೆ ದುಡಿದು, ರಾತ್ರಿ ಪರೀಕ್ಷೆಗೆ ಓದುವ ಗೆಳೆಯರಿದ್ದಾರೆ. ಅವರು ಊರಿಗೆ ಮರಳುವ ಹೊತ್ತಿಗೆ ನಾವು ಓದಿದ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬೀಗ ಬಿದ್ದಿರುತ್ತದೆ. ಒಳಗೆ ಕಂಪ್ಯೂಟರ್‌ಗಳು ಸುಮ್ಮನೆ ಕೂತಿರುತ್ತವೆ.

ರೆಜ್ನರ್‌ಗೆ ಪ್ರತಿಭೆಯ ಜೊತೆಗೆ ಬಾಗಿಲು ತೆರೆದ ಒಂದು ಕೋಣೆಯೂ ಸಿಕ್ಕಿತ್ತು. ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಇರುವ ಲ್ಯಾಬನ್ನೇ ರಾತ್ರಿ ಒಂಬತ್ತರವರೆಗೆ ತೆರೆದಿಡಿ ಎಂದು ಅರ್ಜಿ ಬರೆದು ಕೊಟ್ಟಿದ್ದೇವೆ. ಸದ್ಯಕ್ಕೆ ರೆಜ್ನರ್ ಅವರ ಸುದ್ದಿಗಿಂತ ಆ ಅರ್ಜಿಯ ಉತ್ತರಕ್ಕೇ ಹೆಚ್ಚು ಕಾಯುತ್ತಿದ್ದೇನೆ.