ಒಡೆಯಬೇಕಾದದ್ದು ಕಡತವನ್ನಲ್ಲ

ದೊಡ್ಡದೊಂದು ಕನ್ನಡ ಕಡತ ಪರದೆಯ ಮೇಲೆ ಮೂಡಲು ತಡವರಿಸಿದರೆ ದೆಹಲಿಯಲ್ಲಿ ನಮಗೆ ದೊರೆಯುವ ಉಪದೇಶ ಎರಡೇ. ನೆಹರೂ ಪ್ಲೇಸ್‌ಗೆ ಹೋಗಿ ಇನ್ನಷ್ಟು ರ್‍ಯಾಮ್ ಹಾಕಿಸಿಕೊಳ್ಳಿ ಎಂಬುದು ಒಂದು. ಕಡತವನ್ನು ಹತ್ತು ತುಂಡು ಮಾಡಿ ಎಂಬುದು ಇನ್ನೊಂದು. ಎರಡೂ ರೋಗವನ್ನು ಬಿಟ್ಟು ರೋಗಿಯನ್ನು ದಂಡಿಸುವ ಚಿಕಿತ್ಸೆಗಳು. ನಿಘಂಟನ್ನೋ ಸಮಗ್ರ ಸಾಹಿತ್ಯವನ್ನೋ ಸಂಪಾದಿಸುವವರಿಗೆ ಇಡೀ ಪಠ್ಯ ಒಮ್ಮೆಗೇ ಕೈಗೆಟುಕಬೇಕು. ಒಂದು ಪದವನ್ನು ಮೂರನೆಯ ತುಂಡಿನಲ್ಲಿ ತಿದ್ದಿ ಏಳನೆಯದರಲ್ಲಿ ಮರೆತರೆ ಆ ಮರೆವು ಅಚ್ಚಾಗಿ, ಮುಂದಿನ ಪೀಳಿಗೆಯಲ್ಲಿ ಪಾಠಾಂತರವೆಂಬ ಗೌರವವನ್ನು ಗಳಿಸಿಬಿಡುತ್ತದೆ.

ಕನ್ನಡ ಲಿಪಿಯೇ ಯಂತ್ರಕ್ಕೆ ಭಾರವೆಂಬ ವಾದವೂ ಉಂಟು. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ 6 ಸಂಕೇತಗಳ, 18 ಬೈಟ್‌ಗಳ ಗಂಟು. ಇದು ನಿಜವೇ. ಆದರೆ ಒಂದು ಕೋಟಿ ಸಂಕೇತಗಳ ಮಹಾಗ್ರಂಥವೂ ಸುಮಾರು 30 ಎಂಬಿಯಷ್ಟೇ. ಗಂಟೆಗಟ್ಟಲೆಯ ಚಲನಚಿತ್ರವನ್ನು ಸಲೀಸಾಗಿ ತೋರುವ ಯಂತ್ರ ಇಷ್ಟಕ್ಕೆ ಏದುಸಿರು ಬಿಡುತ್ತದೆಂದರೆ ತಪ್ಪು ಲಿಪಿಯದಲ್ಲ.

ಇದಕ್ಕೆ ಸಾಕ್ಷಿ ಕನ್ನಡದ ಹೊರಗೇ ಇದೆ. 35 ಎಂಬಿಯ, 1 ಕೋಟಿ 37 ಲಕ್ಷ ಸಾಲುಗಳ ಕಡತವೊಂದನ್ನು ವಿಎಸ್ ಕೋಡ್ ತೆರೆಯಲಾರದೆ ಹೋಗಿತ್ತು. ಪ್ರತಿ ಸಾಲಿಗೂ ಪ್ರತ್ಯೇಕ ದಾಖಲೆ ಇಡುವ ಅದರ ವಿನ್ಯಾಸದಿಂದ ಆ ಕಡತಕ್ಕೆ 600 ಎಂಬಿಯಷ್ಟು ಸ್ಮೃತಿ ಬೇಕಾಗುತ್ತಿತ್ತು. ಅದನ್ನು ರಚಿಸಿದವರು ಬಳಕೆದಾರನನ್ನು ಅಂಗಡಿಗೆ ಅಟ್ಟಲಿಲ್ಲ. ವಿನ್ಯಾಸವನ್ನೇ ಬದಲಿಸಿ 2018ರ ಮಾರ್ಚ್‌ನಲ್ಲಿ ಅದನ್ನು ಜಗತ್ತಿಗೆ ವಿವರಿಸಿದರು. ಅವರು ಆಶ್ರಯಿಸಿದ ‘ಪೀಸ್ ಟೇಬಲ್’ ಎಂಬ ಉಪಾಯ 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್‌ನ ಬ್ರಾವೊ ತಂತ್ರಾಂಶದಲ್ಲೇ ಇತ್ತು. ಮೂಲವನ್ನು ಮುಟ್ಟುವುದಿಲ್ಲ, ಸೇರ್ಪಡೆಗಳನ್ನು ಬೇರೆಡೆ ಬರೆದು, ಯಾವುದರ ನಂತರ ಯಾವುದೆಂಬ ಸೂಚಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ನಮ್ಮ ಗ್ರಂಥಸಂಪಾದಕರು ಮೂಲಪ್ರತಿಯನ್ನು ಹಾಗೆಯೇ ಕಾಪಿಟ್ಟು ತಿದ್ದುಪಡಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಗುರುತಿಸಿಕೊಳ್ಳುವ ಕ್ರಮವೂ ಇದೇ ಅಲ್ಲವೇ? ತಾಳೆಗರಿಯ ಕಟ್ಟನ್ನು ಬಿಚ್ಚಿದವರು ಬೇಕಾದ ಗರಿಯನ್ನಷ್ಟೇ ಓದುತ್ತಿದ್ದರು. ಇಡೀ ಕಟ್ಟನ್ನು ಕಂಠಪಾಠ ಮಾಡಿದ ಮೇಲೆ ಮೊದಲ ಗರಿಯನ್ನು ನೋಡುತ್ತಿರಲಿಲ್ಲ.

ಕನ್ನಡಕ್ಕೆ ವಿಶೇಷವಾದ ತೊಡಕೊಂದು ಉಂಟು. ಒತ್ತಕ್ಷರ, ಗುಣಿತಗಳನ್ನು ನೆರೆಯ ಸಂಕೇತಗಳ ಜೊತೆಯಲ್ಲೇ ಚಿತ್ರಿಸಬೇಕು. ಆದ್ದರಿಂದ ನಡುವೆ ಎಲ್ಲೂ ಮುರಿಯದೆ ಸಾವಿರಾರು ಪದ ಹರಿಯುವ ಒಂದೇ ಸಾಲು ದುಬಾರಿಯಾಗುತ್ತದೆ. ಉದ್ದ ಸಾಲುಗಳ ಸಮಸ್ಯೆಯನ್ನು ಈಮ್ಯಾಕ್ಸ್ ಗಂಭೀರವಾಗಿ ಪರಿಹರಿಸಿದ್ದು 2023ರ 29ನೆಯ ಆವೃತ್ತಿಯಲ್ಲಿ. ಪ್ಯಾರಾಗಳನ್ನು ಸಾಲಿನಿಂದ ಬೇರ್ಪಡಿಸುವುದು, ಕಾಗುಣಿತ ಪರೀಕ್ಷೆಯನ್ನು ಕೆಲಸದ ನಡುವೆ ನಿಲ್ಲಿಸಿ ಕೊನೆಗೊಮ್ಮೆ ನಡೆಸುವುದು ನಮ್ಮ ಕೈಯಲ್ಲಿರುವ ಶಿಸ್ತು. ಉಳಿದ ಹೊಣೆ ತಂತ್ರಾಂಶದ್ದು.

ಸರಕಾರದ ಹೊಣೆಯೂ ಹೌದು. ಭಾರತೀಯ ಭಾಷಾ ತಂತ್ರಜ್ಞಾನದ ಟಿಡಿಐಎಲ್ ಕಾರ್ಯಕ್ರಮ 1991ರಲ್ಲಿ ಈ ರಾಜಧಾನಿಯಿಂದಲೇ ಹೊರಟಿತು. ಪಠ್ಯಸಂಗ್ರಹದ ಕೆಲಸ ಹಿಂದಿ, ಪಂಜಾಬಿಗಳಿಗೆ ದೆಹಲಿಯ ಐಐಟಿಯಲ್ಲೂ ಕನ್ನಡಕ್ಕೆ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲೂ ನಡೆಯಿತು. ಕಣಜ ತುಂಬಿಸುವುದಕ್ಕೆ ಇರುವ ಉತ್ಸಾಹ ಅದರ ಬಾಗಿಲು ಸರಾಗವಾಗಿ ತೆರೆಯುವಂತೆ ಮಾಡುವುದಕ್ಕೂ ಇರಬೇಕು. ಸಾರ್ವಜನಿಕ ಹಣ ಪಡೆಯುವ ಯಾವುದೇ ಬರವಣಿಗೆಯ ತಂತ್ರಾಂಶ 100 ಎಂಬಿಯ ಕನ್ನಡ ಕಡತವನ್ನು ತೆರೆದು, ಹುಡುಕಿ, ತಿದ್ದಿ, ಉಳಿಸಿ ತೋರಿಸಲೆಂಬ ನಿಯಮ ಬರಲಿ.

ಇನ್ನು ನೊಯಿಡಾ, ಗುರುಗ್ರಾಮಗಳ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಒಂದು ಮಾತು. ನವೆಂಬರಿನಲ್ಲಿ ಬಾವುಟ ಹಾರಿಸುವ ಅಭಿಮಾನಕ್ಕೆ ಉಳಿದ ಹನ್ನೊಂದು ತಿಂಗಳೂ ಕೆಲಸ ಇದೆ. ಮುಕ್ತ ತಂತ್ರಾಂಶಗಳ ಮೇಲೆ ನಿಜವಾದ ಕನ್ನಡ ಪಠ್ಯವನ್ನು ಹೇರಿ ಪರೀಕ್ಷಿಸಿ. ಎಲ್ಲಿ ಎಡವಿತೆಂದು ಅಳೆದು ದೂರು ದಾಖಲಿಸಿ. ಬಲ್ಲವರು ತಿದ್ದಿ ಕಳುಹಿಸಿ. ದೂರೇ ಬಾರದ ಭಾಷೆಗೆ ತೊಂದರೆಯೇ ಇಲ್ಲವೆಂದು ರಚನಕಾರರು ಭಾವಿಸಿದರೆ ಅವರನ್ನು ದೂಷಿಸುವ ಹಕ್ಕು ನಮಗೆಲ್ಲಿದೆ?