ಯಾರ ಕಡೆಯ ಆಟಗಾರ?

ಮೊನ್ನೆ ಪಾಠ ಮುಗಿಸಿ ಹೊರಬರುತ್ತಿದ್ದಾಗ ನಮ್ಮ ದೇವದುರ್ಗದ ವಿದ್ಯಾರ್ಥಿಯೊಬ್ಬ ತಡೆದು ನಿಲ್ಲಿಸಿದ. ತಂದೆತಾಯಿ ಗುಳೆ ಹೋಗಿದ್ದಾಗ ಹೈದರಾಬಾದಿನಲ್ಲಿ ಹುಟ್ಟಿದವನು; ಬೆಳೆದದ್ದು ಇಲ್ಲಿ, ಅಜ್ಜಿಯ ಮಡಿಲಲ್ಲಿ. ಒಳ್ಳೆಯ ಬೌಲರು. "ಸರ್, ನಾ ಯಾವ ರಾಜ್ಯದಾವ ಅಂತ ಆಡಬೇಕ್ರಿ?" ಎಂದ.

ನಗು ಬಂದಿತು, ಒಡನೆಯೇ ಅಡಗಿತು. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯೇ ಹೈದರಾಬಾದು ರಾಜ್ಯದಲ್ಲಿತ್ತು. ಆ ದಿನ ನಮ್ಮ ಹಿರಿಯರು ಮನೆಯ ಹೊಸ್ತಿಲು ದಾಟದೆಯೇ ಮೈಸೂರು ರಾಜ್ಯದವರಾದರು!

ಆಸ್ಟ್ರೇಲಿಯಾದ ರಗ್ಬಿ ಲೀಗಿನಲ್ಲಿಯೂ ಈ ತೊಡಕಿತ್ತು. ಕ್ವೀನ್ಸ್‌ಲೆಂಡಿನ ಹುಡುಗರು ಸಂಪಾದನೆಗೆಂದು ಸಿಡ್ನಿಯ ಕ್ಲಬ್ಬು ಸೇರಿದರೆ, ವಾಸದ ನಿಯಮದಂತೆ ತವರಿನ ವಿರುದ್ಧವೇ ಆಡಬೇಕಾಗುತ್ತಿತ್ತು. 1980ರಲ್ಲಿ ಮೊದಲ ಬಾರಿಗೆ ಮೂಲ ರಾಜ್ಯದ ಲೆಕ್ಕದಲ್ಲಿ ಪಂದ್ಯ ನಡೆಯಿತು. ಹಿಂದೆ ಎದುರು ಪಕ್ಷಕ್ಕೆ ಆಡಿದ್ದ ಆರ್ಥರ್ ಬೀಟ್ಸನ್ ತಮ್ಮ 35ನೆಯ ವಯಸ್ಸಿನಲ್ಲಿ ತವರಿಗೆ ನಾಯಕರಾದರು. ಕ್ವೀನ್ಸ್‌ಲೆಂಡು 20-10ರಿಂದ ಗೆದ್ದಿತು.

ನಮ್ಮ ರಣಜಿಯಲ್ಲಿ ಗಾಳಿ ಬೇರೆ ದಿಕ್ಕಿಗೆ. ಅಲ್ಲಿ ಹೊರಗಿನ ವೃತ್ತಿ ಆಟಗಾರರಿಗೂ ಎಡೆಯುಂಟು. ಜೋಧಪುರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಕರುಣ್ ನಾಯರ್ 2014-15ರ ಫೈನಲಿನಲ್ಲಿ ಕರ್ನಾಟಕಕ್ಕೆ 328 ಹೊಡೆದರು. ಮುಂದೆ ಇಲ್ಲಿ ಸ್ಥಾನ ತಪ್ಪಿದಾಗ ವಿದರ್ಭ ಸೇರಿದರು. 2024-25ರಲ್ಲಿ ಅದರ ಗೆಲುವಿಗೆ ಫೈನಲಿನಲ್ಲಿ ಶತಕವಿತ್ತು, ಬಳಿಕ ಕರ್ನಾಟಕಕ್ಕೆ ಮರಳಿದರು. ಬಾಗಿಲು ತೆರೆದಿದ್ದರಿಂದಲೇ ಆ ಪ್ರತಿಭೆ ಬಾಡಲಿಲ್ಲ. ಆದರೆ ಪಂಕ್ತಿಯಲ್ಲಿ ಅತಿಥಿಗೆ ಹಾಕಿದ ಎಲೆ, ಅಲ್ಲಿಯ ಯಾವುದೋ ಸಣ್ಣ ಊರಿನ ಹುಡುಗನ ಎಲೆಯೂ ಹೌದಲ್ಲವೇ?

"ಹುಟ್ಟುವ ಊರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ನಿನ್ನ ಕೈಗೆ ಚೆಂಡು ಕೊಟ್ಟ ಊರಿಗೆ ಆಡು. ಶಾಲೆಯ ದಾಖಲೆಗಳನ್ನು ಮಾತ್ರ ಜೋಪಾನವಾಗಿಡು" ಎಂದೆ.

ಹುಡುಗ ನಕ್ಕ. "ನಮ್ಮಜ್ಜಿ ಟ್ರಂಕಿನ್ಯಾಗ ಇಟ್ಟಾಳ್ರಿ" ಎಂದ.